ಬಂದೂಕಿನ ಮೇಸ್ತ್ರಿಗಳ ಕೆಂಪು ಚೀಟಿ

ಅವರ ಬಲಗೈಯ ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಉಕ್ಕಿನ ಅಂಚನ್ನು ಸವರಿ ಸವರಿ, ಎಲ್ಲಿ ನಯ, ಎಲ್ಲಿ ತರಿ ಎಂದು ನೋಡಿ, ಚರ್ಮ ಗಾಜಿನ ಹಾಗೆ ಹೊಳೆಯುತ್ತಿತ್ತು. ಎಮಿರೇಟ್ಸ್ ಐಡಿ ಎಂಬ ಗುರುತಿನ ಕಾರ್ಡಿನ ನವೀಕರಣಕ್ಕೆ ಹೋದಾಗಲೆಲ್ಲ ಬೆರಳಚ್ಚಿನ ಯಂತ್ರ ಅವರನ್ನು ಒಪ್ಪುತ್ತಿರಲಿಲ್ಲ. ಒರೆಸಿ, ಒದ್ದೆ ಮಾಡಿ, ಮತ್ತೆ ಒತ್ತಿಸಿ, ಕೊನೆಗೆ ಇನ್ನೊಂದು ದಿನ ಬಾ ಎಂದು ಕಳಿಸುತ್ತಿದ್ದರು. “ಇಷ್ಟ ವರ್ಷ ದುಡದಿದ್ದಕ್ಕ ಇದ ನೋಡ್ ತಮ್ಮಾ ಸರ್ಟಿಫಿಕೇಟು. ನಾ ಕಳವು ಮಾಡಿದ್ರೂ ಸಿಗೂದಿಲ್ಲ,” ಎನ್ನುತ್ತಿದ್ದರು.

ದುಬೈಗೂ ಅಬುಧಾಬಿಗೂ ನಡುವೆ, ಹೆದ್ದಾರಿಯಿಂದ ಒಳಗಿರುವ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಅವರು ಬಂದೂಕು ರಿಪೇರಿ ಮಾಡುತ್ತಿದ್ದರು. ನಾನು ಕೌಂಟರಿನಲ್ಲಿ ಕೂರುವವನು. ಅವರು ಬೆಳಗಾವಿ ಕಡೆಯವರು, ಸೈನ್ಯದ ಶಸ್ತ್ರಾಗಾರದಲ್ಲಿದ್ದು ನಿವೃತ್ತರಾಗಿ ಇಲ್ಲಿಗೆ ಬಂದವರು. ನಾನು ಉಡುಪಿಯವನು. ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎಂದರೆ ನಾನು ಮೇಸ್ತ್ರಿಗಳೇ ಎಂದು ಕರೆಯುತ್ತಿದ್ದೆ. ಅವರ ಕೋಣೆ ದುಬೈಯ ಮುಹೈಸ್ನಾದಲ್ಲಿ. ನಾನು ಹೆಂಡತಿ, ಮಗಳ ಜೊತೆ ಅಲ್ ಕುಸೈಸಿನಲ್ಲಿ. ಹಾಗಾಗಿ ಏಳು ವರ್ಷ ಕಂಪನಿಯ ವ್ಯಾನಿನಲ್ಲಿ ಪಕ್ಕಪಕ್ಕ ಕೂತು ಹೋಗಿಬಂದೆವು.

ನಮ್ಮಲ್ಲಿಗೆ ಬರುವ ಸದಸ್ಯರಲ್ಲಿ ಹೆಚ್ಚಿನವರದು ಪಾಯಿಂಟ್ ಟೂ ಟೂ ಎನ್ನುವ ಸಣ್ಣ ರೈಫಲ್. ಅದರ ತೋಟೆ ಕಿರುಬೆರಳಿನ ಒಂದು ಗೆಣ್ಣಿನಷ್ಟು. ಎರಡೂವರೆ ಸಾವಿರ ದಿರ್ಹಮಿಗೆ ಕೊಂಡ ರೈಫಲನ್ನು ಹಿಡಿದುಕೊಂಡು, ಮೊಬೈಲಿನಲ್ಲಿ ವಿಡಿಯೊ ನೋಡಿ ಪಟ್ಟಿ ಮಾಡಿಕೊಂಡು ಬರುತ್ತಿದ್ದರು. ದಪ್ಪ ನಳಿಗೆ ಎರಡು ಸಾವಿರ, ಗಲ್ಲ ಆನಿಸುವ ಹೊಸ ಹಿಡಿ ಮೂರು ಸಾವಿರ, ಟ್ರಿಗರ್ ಎಂಟುನೂರು, ಮೇಲಿನ ಸ್ಕೋಪಿಗೆ ಐದು ಸಾವಿರ. ಮೇಸ್ತ್ರಿಗಳು ಪಟ್ಟಿಯನ್ನು ಕೊನೆಯವರೆಗೂ ಗಂಭೀರವಾಗಿ ಕೇಳಿಸಿಕೊಂಡು ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಮೂರು ಕಾಸಿನ ಕುದುರಿ ಆರು ಕಾಸಿನ ಹುಲ್ಲು ತಿಂತಂತ,” ಎನ್ನುವರು. ಉಸ್ತಾದ್ ಏನೆಂದ ಎಂದು ಸದಸ್ಯ ನನ್ನನ್ನು ಕೇಳಿದರೆ, ಒಳ್ಳೆಯ ರೈಫಲ್ ಎನ್ನುತ್ತಿದ್ದಾರೆ ಎಂದು ನಾನು ಹೇಳಬೇಕು.

ಅವರದೊಂದು ಪದ್ಧತಿ ಇತ್ತು. ರೈಫಲನ್ನು ಮುಟ್ಟುವ ಮೊದಲು, ಅದು ಇದ್ದ ಹಾಗೆಯೇ ಐದು ಬಗೆಯ ತೋಟೆಗಳನ್ನು ಹತ್ತತ್ತು ಹೊಡೆಸಿ ಗುರಿಯ ಕಾಗದಗಳನ್ನು ಮೇಜಿನ ಮೇಲೆ ಹಾಸುತ್ತಿದ್ದರು. “ಒಂದೊಂದಕ್ಕ ಒಂದೊಂದ ಊಟ ಸೇರತೈತಿ. ಅದನ್ನ ನೋಡದ ಬಂಗಾರ ಹೇರಿ ಏನ್ ಮಾಡ್ತಿ?” ತೋಟೆ ಹೊಂದಿದ ಮೇಲೆ ಹಿಡಿಯ ಎರಡು ಸ್ಕ್ರೂಗಳನ್ನು ಸರಿಯಾಗಿ ಬಿಗಿದು ಮತ್ತೆ ಹೊಡೆಸುವರು. ಅರ್ಧ ಜನರ ರೋಗ ಅಲ್ಲಿಗೇ ವಾಸಿ. ನಲವತ್ತು ದಿರ್ಹಮಿನ ಒಂದು ಡಬ್ಬಿ ತೋಟೆಯಲ್ಲಿ ಮುಗಿಯುತ್ತಿತ್ತು. ಬಿಡಿಭಾಗ ಮಾರಿ ಲಾಭ ಮಾಡಬೇಕಿದ್ದ ಮ್ಯಾನೇಜರಿಗೆ ಇದು ಹಿಡಿಸುತ್ತಿರಲಿಲ್ಲ. ಮೇಸ್ತ್ರಿಗಳು ಕೇಳಿದರೂ ಕೇಳದವರ ಹಾಗೆ ಇರುತ್ತಿದ್ದರು. ಏನಾದರೂ ಬದಲಿಸಲೇಬೇಕೆಂದರೆ ಒಂದು ಸಲಕ್ಕೆ ಒಂದೇ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯದು ಎನ್ನುವರು.

ಟ್ರಿಗರ್ ಕೆಲಸಕ್ಕೆ ಮಾತ್ರ ಅವರು ಹೆದರುತ್ತಿದ್ದರು. ಟ್ರಿಗರ್ ಹಗುರವಾದಷ್ಟೂ ಗುರಿ ಚೆನ್ನ. ತೀರಾ ಹಗುರವಾದರೆ ಮುಟ್ಟದೆಯೂ ಗುಂಡು ಹಾರುತ್ತದೆ. ಅದನ್ನು ಹೊಂದಿಸುವ ಸಣ್ಣ ಸ್ಕ್ರೂ ಅಲುಗದಿರಲಿ ಎಂದು ಒಂದು ಹನಿ ಅಂಟು ಬಿಡುತ್ತಿದ್ದರು. ಅದು ಪೂರ್ತಿ ಒಣಗಲು ಒಂದು ದಿನ ಬೇಕು. ಅಲ್ಲಿಯವರೆಗೆ ರೈಫಲಿಗೆ ಕೆಂಪು ಚೀಟಿ ಕಟ್ಟಿ ಒಳಕೋಣೆಯಲ್ಲಿ ನಿಲ್ಲಿಸುವರು. ಮರುದಿನ ಖಾಲಿ ರೈಫಲಿನ ಹಿಂಬದಿಯನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿ, ತೋಟೆಯನ್ನು ಒಳಗೆ ತಳ್ಳುವ ಬೋಲ್ಟನ್ನು ಹತ್ತು ಸಲ ರಪ್ಪೆಂದು ಮುಚ್ಚಿ ನೋಡಿ, ತಾವೇ ಚೀಟಿ ಬಿಚ್ಚುವರು. ಚೀಟಿ ಇರುವ ರೈಫಲನ್ನು ಮ್ಯಾನೇಜರ್ ಕೂಡ ಮುಟ್ಟುತ್ತಿರಲಿಲ್ಲ.

ಮುಟ್ಟಿದವನು ನಾನು. ಅಂದು ಮೇಸ್ತ್ರಿಗಳು ಮತ್ತೆ ಬೆರಳಚ್ಚು ಕೊಡಲು ಹೋಗಿದ್ದರು. ಹಿಂದಿನ ಸಂಜೆ ಟ್ರಿಗರ್ ಮಾಡಿಸಿದ್ದ ಸದಸ್ಯನೊಬ್ಬ ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಬಂದ. ಮರುದಿನ ಅಬುಧಾಬಿಯಲ್ಲಿ ಅವನಿಗೆ ಸ್ಪರ್ಧೆ, ಈಗಲೇ ಹೊಡೆದು ನೋಡಬೇಕು. ಮೇಸ್ತ್ರಿಗಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. “ಉಸ್ತಾದ್ ಕೆಲಸ ಮುಗಿಸಿದ್ದಾನಲ್ಲ, ಖಲಾಸ್. ಯಲ್ಲಾ, ಬೇಗ ಕೊಡು,” ಎಂದು ಅವನು ಕೌಂಟರ್ ಬಡಿಯುತ್ತಿದ್ದ. ನಾನು ಒಳಗೆ ಹೋಗಿ ಖಾಲಿ ರೈಫಲಿನ ಟ್ರಿಗರನ್ನು ಎರಡು ಸಲ ಒತ್ತಿ ನೋಡಿದೆ. ಚೆನ್ನಾಗಿದೆ ಅನ್ನಿಸಿತು. ಏಳು ವರ್ಷ ಅವರ ಪಕ್ಕ ಕೂತು ನನಗೂ ವಿದ್ಯೆ ಬಂದಿದೆ ಎಂದುಕೊಂಡಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ. ಚೀಟಿ ಬಿಚ್ಚಿ ಪ್ಯಾಂಟಿನ ಜೇಬಿಗೆ ಹಾಕಿ, ರೈಫಲ್ ತಂದು ಕೊಟ್ಟೆ.

ಆರನೆಯ ಗುಂಡಿಗೆ ಅವನು ಬೋಲ್ಟ್ ಮುಚ್ಚಿದ, ಅಷ್ಟೇ. ಬೆರಳು ಟ್ರಿಗರಿನ ಮೇಲೆ ಇರಲೇ ಇಲ್ಲ. ಗುಂಡು ಹಾರಿ ಚಾವಣಿಯ ಹಲಗೆಗೆ ನಾಟಿತು. ಪಕ್ಕದ ಸಾಲಿನಲ್ಲಿ ಒಬ್ಬ ತಾಯಿ ತನ್ನ ಮಗನಿಗೆ ಕಿವಿಗವಸು ಹಾಕುತ್ತಿದ್ದಳು. ಯಾರಿಗೂ ಏನೂ ಆಗಲಿಲ್ಲ. ಆಗಬಹುದಾಗಿತ್ತು.

ಮಧ್ಯಾಹ್ನ ಮೇಸ್ತ್ರಿಗಳು ಬಂದರು. ಮ್ಯಾನೇಜರಿನ ಕೋಣೆಯಲ್ಲಿ ನಾವಿಬ್ಬರೂ ನಿಂತಿದ್ದೆವು. ಚೀಟಿ ಇತ್ತೇ ಎಂದು ಮ್ಯಾನೇಜರ್ ಮೊದಲು ನನ್ನನ್ನು ಕೇಳಿದ. ನನ್ನ ಕೈ ಪ್ಯಾಂಟಿನ ಜೇಬಿನ ಮೇಲೆ ಹೋಯಿತು. ಮೇಸ್ತ್ರಿಗಳು ಒಮ್ಮೆ ನನ್ನ ಮುಖ ನೋಡಿದರು. ಅವರಿಗೆ ಆಗಲೇ ಗೊತ್ತಾಯಿತು. “ಭೂಲ್ ಗಯಾ ಸಾಬ್,” ಎಂದರು. ಚೀಟಿ ಕಟ್ಟಲು ಮರೆತೆ ಎಂದು. ಅದು ನನ್ನ ಜೇಬಿನಲ್ಲಿತ್ತು. ನಾನು ಬಾಯಿ ಬಿಡಲಿಲ್ಲ.

ಮರೆಯುವ ಬಂದೂಕು ಮೇಸ್ತ್ರಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ವಾರದೊಳಗೆ ಅವರ ವೀಸಾ ರದ್ದಾಯಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದ್ದು ನಾನು, ಉಂಡಿದ್ದು ಅವರು. ಕೊನೆಯ ದಿನ ವ್ಯಾನಿನಲ್ಲಿ ನಾನು, “ಮೇಸ್ತ್ರಿಗಳೇ, ನಾನು ಹೋಗಿ ಹೇಳ್ತೇನೆ ಮಾರಾಯ್ರೆ,” ಎಂದೆ. ನಿಜವಾಗಿ ಹೇಳುವ ಧೈರ್ಯ ಇದ್ದಿದ್ದರೆ ಅವರನ್ನು ಕೇಳುತ್ತಿರಲಿಲ್ಲ.

“ಸುಮ್ನಿರು. ಹೇಳಿದ್ರ ಇಬ್ಬರೂ ಹೋಗ್ತೀವಿ. ನಿನ್ನ ಮಗಳು ಎಷ್ಟನೇತ್ತಾ?”

“ಎಂಟನೇ ಕ್ಲಾಸು.”

“ನನ್ನ ಮಗಳದು ಲಗ್ನ ಆಗೇತಿ. ಮತ್ತೇನೈತಿ ಅದರಾಗ,” ಎಂದು ಕಿಟಕಿಯ ಆಚೆ ನೋಡತೊಡಗಿದರು. ಮುಹೈಸ್ನಾ ಬಂದಾಗ ಇಳಿದು, ಬಾಗಿಲು ಹಾಕಿ, ಸರಿಯಾಗಿ ಬಿತ್ತೇ ಎಂದು ಇನ್ನೊಮ್ಮೆ ಎಳೆದು ನೋಡಿ ಹೋದರು.

ನನಗೆ ಅಳು ಬರಲಿಲ್ಲ. ನಾಚಿಕೆಯೂ ಆಗಲಿಲ್ಲ. ಹಲ್ಲಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಗಲ್ಲ ತನ್ನದಲ್ಲ ಎನ್ನಿಸುವಂತೆ ನನಗೆ ನಾನೇ ಬೇರೆಯವನಾಗಿದ್ದೆ. ಕೆಲಸಕ್ಕೆ ಹೋದೆ, ಬಂದೆ, ಉಂಡೆ. ಅವರ ಜಾಗಕ್ಕೆ ಇನ್ನೊಬ್ಬರು ಬಂದರು. ಪಟ್ಟಿ ತಂದವರಿಗೆಲ್ಲ ಪಟ್ಟಿಯಲ್ಲಿದ್ದದ್ದನ್ನೆಲ್ಲ ಹಾಕಿಕೊಟ್ಟರು. ಮೇಸ್ತ್ರಿಗಳ ಊರಿಗೆ ಎರಡು ಸಲ ಫೋನ್ ಮಾಡಿದೆ. ಓಣಿಯವರ ಮಿಕ್ಸರ್ ರಿಪೇರಿ ಮಾಡುತ್ತಿದ್ದೇನೆ, ಕೈ ಸುಮ್ಮನೆ ಕೂರುವುದಿಲ್ಲ ಎಂದಿದ್ದರು. ಮೂರನೆಯ ಸಲ ಮಾಡಲೇ ಇಲ್ಲ.

ಒಂದೂವರೆ ವರ್ಷವಾದ ಮೇಲೆ, ಹೋದ ತಿಂಗಳು, ಅವರ ನಂಬರಿನಿಂದಲೇ ಫೋನ್ ಬಂತು. ಮಾತಾಡಿದವರು ಅವರ ಹೆಂಡತಿ. ಮೇಸ್ತ್ರಿಗಳು ಹೃದಯಾಘಾತದಿಂದ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಆಗಲೂ ನನಗೆ ಏನೂ ಅನ್ನಿಸಲಿಲ್ಲ. ಅಯ್ಯೋ ಎಂದೆ, ಎನ್ನಬೇಕು ಎಂಬ ಕಾರಣಕ್ಕೆ.

“ಅವರ ಕೈತಪ್ಪಿನಿಂದ ನಿಮ್ಮ ನೌಕರಿಗೆ ಏನೂ ತ್ರಾಸ ಆಗಲಿಲ್ಲಲ್ರೀ?” ಎಂದು ಆಕೆ ಕೇಳಿದರು. “ಕಡೀತನಾ ಅದನ್ನ ಅಂತಿದ್ರು, ಆ ಹುಡುಗನ ಕೆಲಸ ಉಳದೈತೋ ಇಲ್ಲೋ ಅಂತ.”

“ಉಳಿದಿದೆ ಅಮ್ಮ,” ಎಂದೆ.

“ಅವರು ಏನೂ ಮರಿಯೂ ಮನಷ್ಯಾ ಅಲ್ರೀ. ಅದೊಂದ ದಿನ ಹೆಂಗ ಮರತ್ರೋ. ಮಂದಿ ಕೇಳಿದ್ರ ಏನ್ ಹೇಳಬೇಕ ಅನ್ನೂದ ನಮಗ ತಿಳೀಲಿಲ್ಲ.”

ಮನೆಯಲ್ಲೂ ಅವರು ಹೇಳಿರಲಿಲ್ಲ.

“ಮರೆಯಲಿಲ್ಲ ಅಮ್ಮ. ಅವರು ಕಟ್ಟಿದ್ದರು. ಬಿಚ್ಚಿದ್ದು ನಾನು,” ಎಂದೆ.

ಬೈಯಲಿ ಎಂದು ಕಾದೆ. ಆಕೆ ಫೋನನ್ನು ಪಕ್ಕಕ್ಕೆ ಹಿಡಿದು ಮಗಳಿಗೆ ಹೇಳಿದ್ದು ಕೇಳಿಸಿತು.

“ನಿಮ್ಮಪ್ಪ ಮರತಿರಲಿಲ್ಲಂತವಾ.”