ಥಿರ್ಜಾಳಿಗೆ ಅಂಟಿದ ಹೆಸರು

ಇಂಗ್ಲೆಂಡಿನ ಸಫೊಕ್ ಸೀಮೆಯ ಹಾಲ್ಸ್‌ಡೆನ್ ಹಳ್ಳಿಯಲ್ಲಿ ನರಹುಲಿ ಎದ್ದವರೆಲ್ಲ ಥಿರ್ಜಾ ಗ್ಯಾರಡ್‌ಳ ಹಿಂಬಾಗಿಲಿಗೆ ಹೋಗುತ್ತಿದ್ದರು. ಅವಳು ಬೀನ್ಸ್ ಸಿಪ್ಪೆಯ ಒಳಮೈಯಿಂದ ಉಜ್ಜಿ, ಬಾಯಲ್ಲೇ ಏಸುವಿನ ಪ್ರಾರ್ಥನೆ ಹೇಳಿಕೊಂಡು, ಸಿಪ್ಪೆಯನ್ನು ಗಿಡದ ಬುಡದಲ್ಲಿ ಹೂಳುತ್ತಿದ್ದಳು. ಗುಣವಾದವರು ಉಪಕಾರವಾಯಿತೆಂದು ಹೇಳಬಾರದು, ಅಷ್ಟೇ ಕಟ್ಟಳೆ. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳು. ಮಿಕ್ಕ ಹೊತ್ತೆಲ್ಲ ಊರವರ ಬಟ್ಟೆ ಒಗೆಯುವುದು, ಶನಿವಾರ ಚಾಪೆಲ್ ಎಂಬ ಊರಿನ ಪುಟ್ಟ ಪ್ರಾರ್ಥನಾಮಂದಿರವನ್ನು ಗುಡಿಸಿ ಬೆಂಚುಗಳಿಗೆ ಮೇಣ ತಿಕ್ಕುವುದು. ಗಂಡ ಹೋದ ಮೇಲೆ ಚಾಪೆಲ್‌ನ ಬೀಗದಕೈ ಸೊಂಟದಲ್ಲಿರುವುದೇ ಅವಳಿಗೊಂದು ಮರ್ಯಾದೆಯಾಗಿತ್ತು.

ಸಾವಿರದ ಒಂಬೈನೂರ ಅರವತ್ತಮೂರರ ಬೇಸಿಗೆಯಲ್ಲಿ ತಂಗಿಯ ಮಗಳು ರೋವೀನಾ ಪದೇ ಪದೇ ಬರತೊಡಗಿದಳು. ಇಪ್ಸ್‌ವಿಚ್‌ನಲ್ಲಿ ಟೈಪಿಸ್ಟ್ ಆಗಿದ್ದ ಅವಳಿಗೆ ತಾಯಿಯಿಲ್ಲ, ಬೇರೆ ದಿಕ್ಕೂ ಇಲ್ಲ. ಚಹಾ ಕುಡಿಯುತ್ತ ಹಳೆಯ ಕಾಲದ್ದನ್ನೆಲ್ಲ ಕೇಳುವಳು. ನಮ್ಮ ವಂಶದಲ್ಲಿ ಯಾರನ್ನಾದರೂ ಮಾಟಗಾತಿ ಎಂದು ಸುಟ್ಟಿದ್ದರೇ ಎಂದೊಮ್ಮೆ ಕೇಳಿದಳು.

"ಸುಡೋದಾ? ಈ ಕಡೆ ಮಾಟಗಾತೀರ್ನ ಗಲ್ಲಿಗೆ ಹಾಕ್ತಿದ್ರು ಕಣೇ," ಎಂದು ಥಿರ್ಜಾ ನಕ್ಕಳು. "ನಮ್ಮೋರಲ್ಲೂ ಒಬ್ಬನ್ನ ಹಾಕಿದ್ರು. ಕುರಿ ಕದ್ದಿದ್ದಕ್ಕೆ."

ಅಕ್ಟೋಬರಿನ ಒಂದು ಭಾನುವಾರದ ಪೇಪರಿನಲ್ಲಿ ಥಿರ್ಜಾಳ ಚಿತ್ರ ಬಂತು. ಬಾಗಿಲಲ್ಲಿ ಪೊರಕೆ, ಹಿಂದೆ ಬಟ್ಟೆ ಕುದಿಸುವ ಹಂಡೆ. ಕ್ರಿಸ್ತನಿಗಿಂತ ಹಳೆಯದಾದ ವಿಕ್ಕಾ ಎಂಬ ಮಾಟಗಾತಿಯರ ಪಂಥವನ್ನು ಈ ಮನೆತನ ಗುಟ್ಟಾಗಿ ಕಾಪಾಡಿಕೊಂಡು ಬಂದಿದೆ, ಈ ಮುದುಕಿಯೇ ತಂಗಿಯ ಮಗಳಿಗೆ ದೀಕ್ಷೆ ಕೊಟ್ಟಿದ್ದಾಳೆ ಎಂದು ಕೆಳಗೆ ಬರೆದಿತ್ತು.

ಚಾಪೆಲ್‌ನ ಹಿರಿಯ ಆಲ್‌ಸ್ಟನ್ ಮಾರನೆಯ ದಿನವೇ ಬಂದ. ಸೈತಾನನ ಪೂಜೆ ಎಷ್ಟು ಕಾಲದಿಂದ ನಡೆದಿದೆ ಎಂದು ಕೇಳಿದ. ಆ ಪದವನ್ನು ತನ್ನ ಮನೆಯೊಳಗೆ ಯಾರೂ ಆಡಿದ್ದಿಲ್ಲ ಎಂದು ಥಿರ್ಜಾ ಹೇಳಿದಳು. ಅವನು ಕೈ ಚಾಚಿ ನಿಂತೇ ಇದ್ದ. ಅವಳು ಬೀಗದಕೈ ಬಿಚ್ಚಿ ಕೊಟ್ಟಳು.

ಒಗೆಯಲು ಬಟ್ಟೆ ಬರುವುದು ನಿಂತಿತು. ಯಾರೋ ಕೋಳಿಗಳ ಕತ್ತು ತಿರುಚಿ ಬೇಲಿಗೆ ನೇತುಹಾಕಿದರು. ಆ ಚಳಿಗಾಲದಲ್ಲಿ ಪಕ್ಕದ ಮನೆಯ ಐವಿ ಮಾಬ್ಸ್‌ಳ ಕೂಸು ನಾಯಿಕೆಮ್ಮಿನಿಂದ ತೀರಿಕೊಂಡಿತು. ಸೂಪು ಮಾಡಿಕೊಂಡು ಹೋದ ಥಿರ್ಜಾಳಿಗೆ ಐವಿ ಕದ ತೆಗೆಯಲಿಲ್ಲ. ಸಂಜೆ ಆ ಮನೆಯ ಹಿತ್ತಲಿನಲ್ಲಿ ಹೊಗೆ ಎದ್ದಿತು. ಕೂಸಿಗೆಂದು ಥಿರ್ಜಾ ಹೆಣೆದುಕೊಟ್ಟಿದ್ದ ಉಣ್ಣೆಯ ಟೋಪಿ, ಕಾಲುಚೀಲಗಳನ್ನು ಐವಿ ಕೋಲಿನಿಂದ ಬೆಂಕಿಯೊಳಕ್ಕೆ ತಳ್ಳುತ್ತಿದ್ದಳು.

ಹಗೆ ಸಾಧಿಸುವವರಿಗಿಂತ ಭಕ್ತರ ಕಾಟ ಹೆಚ್ಚಾಯಿತು. ದೂರದೂರಿನಿಂದ ಕಾರುಗಳಲ್ಲಿ ಬಂದವರು ಅವಳನ್ನು "ತಾಯಿ" ಎಂದರು, ಅಂಗಳದ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಅವಳು ಅವರ ಮೇಲೆ ಮುಸುರೆ ನೀರು ಎರಚಿದಳು. ಅವರು ಅದನ್ನೂ ಕಣ್ಣಿಗೊತ್ತಿಕೊಂಡಾರೆಂದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ವಸಂತದಲ್ಲಿ ರೋವೀನಾ ಬಂದಳು.

"ನಿನಗೆ ದೀಕ್ಷೆ ಯಾರು ಕೊಟ್ಟಿದ್ದು ಅಂತ ನಮ್ ಪಂಥದ ಗುಂಪಲ್ಲಿ ಎಲ್ರೂ ಕೇಳೋರು, ದೊಡ್ಡಮ್ಮ. ಒಬ್ಬೊಬ್ರಿಗೂ ಒಬ್ಬೊಬ್ಬಳು ಅಜ್ಜಿ. ನನಗೆ ಯಾರೂ ಇರ್ಲಿಲ್ಲ. ನಿನ್ ಹೆಸರು ಹೇಳ್ಬಿಟ್ಟೆ. ಅದು ಪೇಪರಿನೋರ ಕಿವಿಗೂ ಬಿತ್ತು."

"ಸೈತಾನನ ಪೂಜೆ ಮಾಡ್ತೀರಾ?"

"ಸೈತಾನ ಇದಾನೆ ಅಂತ್ಲೇ ನಾವು ನಂಬಲ್ಲ. ದೇವಿ, ಚಂದ್ರ, ಬೆಳೆ, ಅಷ್ಟೇ. ಆದ್ರೆ ಹಳೇದು ಅಂದಿದ್ದು ಸುಳ್ಳು. ಮಂತ್ರಗಳಲ್ಲಿ ಮುಕ್ಕಾಲು ಪಾಲು ಮೊನ್ನೆಯ ಮಹಾಯುದ್ಧ ಮುಗಿದ ಮೇಲೆ ಬರೆದಿದ್ದಂತೆ, ಬೇರೆ ಬೇರೆ ಪುಸ್ತಕದಿಂದ ತೆಗೆದು. ನಮ್ಮ ಹಿರಿಯಳೇ ಒಪ್ಕೊಂಡ್ಲು."

ಥಿರ್ಜಾ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದಳು.

"ಹೊಸದಾಗಿದ್ರೆ ಏನಾಗ್ತಿತ್ತೇ? ನಮ್ ಚಾಪೆಲ್ ಕಟ್ಟಿದ್ದು ನಮ್ಮಜ್ಜನ ಕಾಲದಲ್ಲಿ. ಹೊಸದು ಅಂತ ಯಾರೂ ನಾಚ್ಕೊಳ್ಲಿಲ್ಲ. ನನ್ನನ್ಯಾಕೆ ಎಳ್ದೆ?"

ರೋವೀನಾ ಆಗಲೇ ಎದ್ದು ಆಲ್‌ಸ್ಟನ್‌ನ ಮನೆಗೆ ಹೋಗಿ, ತಾನು ಸುಳ್ಳು ಹೇಳಿದ್ದೆ, ದೊಡ್ಡಮ್ಮ ಏನೂ ಅರಿಯಳು ಎಂದು ಬೇಡಿಕೊಂಡಳು. ಅವನು ಹೊಸ್ತಿಲಲ್ಲೇ ನಿಂತು ಕೇಳಿದ.

"ಮಾಟಗಾತಿ ಅಂತ ನೀನೇ ಒಪ್ಕೊಂಡಿದೀಯಲ್ಲಮ್ಮ. ನಿನ್ ಮಾತು ಹೆಂಗೆ ನಂಬೋದು?"

ಅಲ್ಲಿಂದಾಚೆ ಥಿರ್ಜಾ ನರಹುಲಿ ತೆಗೆಯಲೆಂದು ಯಾರ ಮೈಯನ್ನೂ ಮುಟ್ಟಲಿಲ್ಲ. ಭಾನುವಾರ ಚಾಪೆಲ್‌ನ ಹಾಡು ಕೇಳಿಸುವಷ್ಟು ಕಿಟಕಿ ತೆರೆದು, ತಾನೂ ಮೆಲ್ಲಗೆ ದನಿಗೂಡಿಸುತ್ತಿದ್ದಳಂತೆ. ಎರಡು ವರ್ಷದ ಮೇಲೆ ಲಕ್ವ ಹೊಡೆದು ಸತ್ತಳು. ಮಣ್ಣಿಗೆ ರೋವೀನಾ, ಪಾದ್ರಿ, ಗುಂಡಿ ತೋಡಿದವ, ಇಷ್ಟೇ ಜನ. ಐವಿ ಮಾತ್ರ ಗೇಟಿನ ಹೊರಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೊನೆಯವರೆಗೂ ನಿಂತಿದ್ದಳು. ಒಳಗೆ ಬರಲಿಲ್ಲ.

ರೋವೀನಾ ಪಂಥವನ್ನು ಬಿಡಲಿಲ್ಲ. ಹುಣ್ಣಿಮೆಯ ಪೂಜೆಯಲ್ಲಿ ಸಿಗುವ ನೆಮ್ಮದಿ ಅವಳಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಆದರೆ ಪ್ರತಿ ಶರತ್ಕಾಲ ಹಾಲ್ಸ್‌ಡೆನ್‌ಗೆ ಹೋಗಿ, ಕೊನೆಯ ಮಾಟಗಾತಿಯ ಗೋರಿಯೆಂದು ಜನ ಇಟ್ಟುಹೋದ ಸೇಬು, ರಿಬ್ಬನ್ನುಗಳನ್ನು ಆರಿಸಿ ತೆಗೆಯುತ್ತಾಳೆ. ಅಲ್ಲಿ ಸಿಕ್ಕವರಿಗೆಲ್ಲ, ಇವಳು ಚಾಪೆಲ್ ಗುಡಿಸುತ್ತಿದ್ದ ಅಗಸಗಿತ್ತಿ, ಉಳಿದದ್ದೆಲ್ಲ ನಾನು ಕಟ್ಟಿದ ಕತೆ ಎಂದು ಹೇಳುತ್ತಾಳೆ. ಅವರು ಸಿಟ್ಟಾಗುವುದಿಲ್ಲ. ಗುಟ್ಟು ಕಾಯುವ ಆಣೆ ಮಾಡಿದವಳು ಹೀಗಲ್ಲದೆ ಇನ್ನು ಹೇಗೆ ಮಾತಾಡಿಯಾಳು ಎಂಬಂತೆ ಅವಳ ಕೈ ಒತ್ತಿ, ತಲೆ ಬಾಗಿಸಿ ಹೋಗುತ್ತಾರೆ.