ಹಿಪ್ಪೆತೋಪಿನಲ್ಲಿ ಕೂಗಿದ ಹೆಸರು

ಕಿಕ್ಕೇರಿ ಕಡೆಯ ದೊಡ್ಡತಾಯಮ್ಮ ಗಂಡನ ಪಕ್ಕದಲ್ಲಿ ನಡೆಯಲು ಕಲಿತದ್ದು ಊರಾಚೆಯ ಹಿಪ್ಪೆತೋಪಿನಲ್ಲಿ. ಮದುವೆಯಾದ ಹೊಸದರಲ್ಲಿ ಊರಬೀದಿಯಲ್ಲಿ ಕರಿಯಪ್ಪ ಮುಂದೆ, ಅವಳು ನಾಲ್ಕು ಮಾರು ಹಿಂದೆ. ಹಾಗೆ ನಡೆಯದಿದ್ದರೆ ಜಗುಲಿ ಮೇಲಿನ ಬಾಯಿಗಳು ಸುಮ್ಮನಿರುತ್ತಿರಲಿಲ್ಲ. ಯಾವುದೋ ಕಾಲದ ಪಾಳೆಯಗಾರ ನೆಡಿಸಿದನೆಂಬ ಆ ತೋಪಿನೊಳಗೆ ಕಾಲಿಟ್ಟ ಮೇಲೆ ಮಾತ್ರ ಅವನು ನಡಿಗೆ ನಿಧಾನ ಮಾಡಿ, ಅವಳು ಬಂದು ಸೇರುವವರೆಗೂ ಮರ ನೋಡುವ ಸೋಗು ಹಾಕುತ್ತಿದ್ದ. ಬಾಯಿಬಿಟ್ಟು ಬಾ ಎಂದವನಲ್ಲ. ಅವಳಿಗೆ ಅಷ್ಟೇ ಸಾಕಾಗಿತ್ತು.

ಆಮೇಲೆ ಮಗ ಸಂತೋಷ್ ಅಪ್ಪನ ಹೆಗಲೇರಿ ಬಂದ. ಈಗ ಸಂತೋಷನ ಮಗಳು ಧನುಶ್ರೀ ಮುಂದೆ ಓಡುತ್ತಾಳೆ. ಭಾನುವಾರ ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಮನೆಮಂದಿಯೆಲ್ಲ ತೋಪಿಗೆ ಹೋಗುವುದು ಒಂದು ವಾರವೂ ತಪ್ಪುತ್ತಿರಲಿಲ್ಲ.

ಈಚೆಗೆ ಕರಿಯಪ್ಪನಿಗೆ ಮರೆವು. ಮೊದಲು ಹಸು ಕಟ್ಟಿದ ಜಾಗ ಮರೆತ, ಆಮೇಲೆ ಸೊಸೆಯನ್ನು, ಆಮೇಲೆ ಮಗನನ್ನೇ. ತನ್ನನ್ನು ಮಾತ್ರ ಮರೆತಿಲ್ಲ ಎಂದು ದೊಡ್ಡತಾಯಮ್ಮ ಕಂಡವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಮುದ್ದೆ ಇಕ್ಕಿದರೆ ಉಣ್ಣುತ್ತಾನಲ್ಲ, ಕೈ ಹಿಡಿದರೆ ಬರುತ್ತಾನಲ್ಲ! ನಾನು ಯಾರು ಹೇಳಿ ಎಂದು ಕೇಳಿ ನೋಡುವ ಧೈರ್ಯವನ್ನಂತೂ ಪಾಪ ಅವಳು ಮಾಡಿರಲಿಲ್ಲ.

ಕಳೆದ ಮಾಗಿಯ ಒಂದು ಭಾನುವಾರ, ತೋಪಿನಲ್ಲಿ ಮೊಮ್ಮಗಳ ಕಾಲಿಗೆ ಚುಚ್ಚಿದ ಮುಳ್ಳು ಕೀಳಲು ಅವಳು ಗಂಡನ ಕೈ ಬಿಟ್ಟಳು. ತಲೆ ಎತ್ತುವಷ್ಟರಲ್ಲಿ ಅವನಿಲ್ಲ. ತೋಪಿನ ಆಚೆ ಬದಿಗೆ ಕಟ್ಟೆಯಿಲ್ಲದ ಹಾಳುಬಾವಿ ಇದೆ.

ಸಂತೋಷ್ "ಅಪ್ಪಾ" ಎಂದು ಕೂಗಿದ. ಹುಡುಗಿ "ತಾತಾ" ಎಂದಳು. ದೊಡ್ಡತಾಯಮ್ಮ "ಇವ್ರೇ, ಎಲ್ಲಿದ್ದೀರಾ, ಬನ್ನಿ ಇತ್ತಗೆ" ಎಂದು ಗಂಟಲು ಹರಿಯುವಂತೆ ಕೂಗಿದಳು. ಒಂದಕ್ಕೂ ಅವನು ಓಗೊಡಲಿಲ್ಲ.

"ಅಪ್ಪ ಅಂದ್ರೆ ಇನ್ ತಿಳಿಯಾಕಿಲ್ಲ ಕಣವ್ವ. ಎಸ್ರು ಇಡ್ದು ಕೂಗು."

"ನಾನೆಂಗ್ಲಾ ಕೂಗ್ಲಿ? ನೀನೇ ಕೂಗು."

"ಎತ್ತಪ್ಪನ ಎಸ್ರ ನಾನು ಕೂಗ್ಲಾ?"

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದವಳು ಅವಳು. ರೇಷನ್ ಕಾರ್ಡಿನವರು ಗಂಡನ ಹೆಸರು ಕೇಳಿದಾಗಲೂ ಮಗನ ಕಡೆ ತಿರುಗಿ "ಏಳ್ಲಾ" ಎಂದವಳು. ಅತ್ತ ಬಾವಿ ಬಾಯಿ ತೆರೆದುಕೊಂಡಿದೆ, ಇತ್ತ ತಾಯಿ ಮಗ ನೀನು ಕೂಗು ನೀನು ಕೂಗು ಎನ್ನುತ್ತ ನಿಂತಿದ್ದಾರೆ. ಇಂಥ ಮರ್ಯಾದೆಗೆ ಬೆಂಕಿ ಹಾಕಬೇಕು.

ಕೊನೆಗೆ ಬಾಯಿಗೆ ಒತ್ತಿಕೊಂಡಿದ್ದ ಸೆರಗು ತೆಗೆದು ಅವಳು ಕೂಗಿದಳು.

"ಕರಿಯಪ್ಪಾ... ಲೇ ಕರಿಯಪ್ಪಾ..."

"ಬಂದೆ ಕಣವ್ವಾ."

ಬಾವಿ ಪಕ್ಕದ ಲಂಟಾನ ಪೊದೆಯಿಂದ ಉತ್ತರ ಬಂತು. ಪಂಚೆ ಹರಿದು, ಮೊಣಕಾಲು ತರಚಿ, ಕರಿಯಪ್ಪ ತಲೆ ತಗ್ಗಿಸಿಕೊಂಡು ಬಂದು ಅವಳೆದುರು ನಿಂತ.

"ಅಸಿನ ಕರ ತಪ್ಪುಸ್ಕಂಡಿತ್ತು ಕಣವ್ವ, ಉಡುಕ್ತಿದ್ದೆ. ಒಡಿಬ್ಯಾಡ ಕಣವ್ವ."

ಅವನನ್ನು ಹಾಗೆ ಹೆಸರು ಹಿಡಿದು ಗದರುತ್ತಿದ್ದವಳು ಅವನ ತಾಯಿ. ಅವಳು ಸತ್ತು ಎಷ್ಟೋ ಕಾಲವಾಗಿತ್ತು. ಅಪ್ಪ ಸಿಕ್ಕಿದನೆಂದು ಸಂತೋಷ್ ಅಳುತ್ತಿದ್ದ. ದೊಡ್ಡತಾಯಮ್ಮನಿಗೆ ಅಳು ಬರಲಿಲ್ಲ. ಇಷ್ಟು ವರ್ಷ ಬಾಳಿದ್ದೆಲ್ಲ ಅವನ ತಲೆಯಿಂದ ಅಳಿಸಿಹೋಗಿದೆ ಎಂಬುದು ಈಗ ಖಾತ್ರಿಯಾಗಿತ್ತು. ನಾನು ನಿನ್ನ ಹೆಂಡತಿ ಎಂದು ಹೇಳಿಬಿಡೋಣವೆಂದು ಬಾಯಿ ತೆರೆದಳು. ಅವನು ಏಟಿಗೆ ಹೆದರಿ ಕೆನ್ನೆಗೆ ಕೈ ಅಡ್ಡ ಹಿಡಿದಿದ್ದ.

"ಒಡಿಯಾಕಿಲ್ಲ, ಬಾ ಮಗ" ಎಂದು ಆ ಕೈಯನ್ನು ಹಿಡಿದುಕೊಂಡಳು.