ಕಿವಿಯೊಳಗಿನ ಕೀಂ

ಫ್ರಿಜ್ ಆಫ್ ಮಾಡಿದೆ. ಕೀಂ ಎನ್ನುವ ಸದ್ದು ನಿಲ್ಲಲಿಲ್ಲ. ಇನ್ವರ್ಟರ್ ಆಫ್ ಮಾಡಿದೆ. ಊಹೂಂ! ಕೊನೆಗೆ ಜೆಪ್ಪುವಿನ ನಮ್ಮ ಮನೆಗೆ ಎಲೆಕ್ಟ್ರಿಷಿಯನ್ ಲೋಕೇಶನನ್ನು ಕರೆಸಿದೆ. ಅವನು ಮೇನ್ ಸ್ವಿಚ್ಚನ್ನೇ ಇಳಿಸಿ, ಗೋಡೆಗೆ ಕಿವಿಯಿಟ್ಟು ಕೇಳಿ, ನನ್ನನ್ನು ಕನಿಕರದಿಂದ ನೋಡಿದ.

"ಸರ್, ಲೈನಲ್ಲಿ ಎಂತದ್ದೂ ಇಲ್ಲ. ಅದು ನಿಮ್ಮ ಕಿವಿಯಲ್ಲೇ ಇರ್ಬೇಕು."

(ಅಷ್ಟರಲ್ಲಿ ಹೆಂಡತಿಯ ಧಾರಾವಾಹಿ ಅರ್ಧಕ್ಕೆ ನಿಂತಿತ್ತು. ಅವಳ ಸದ್ದು ಬೇರೆ.)

ಕಿವಿ ಡಾಕ್ಟರು ಎಲ್ಲ ಪರೀಕ್ಷೆ ಮಾಡಿದರು. "ಟಿನಿಟಸ್, ಅಂದ್ರೆ ಕಿವಿಯೊಳಗೇ ಸದ್ದು ಕೇಳಿಸುವುದು. ನಿಮಗೆ ಅಪಾಯ ಎಂತದ್ದೂ ಇಲ್ಲ. ಆದ್ರೆ ಅದನ್ನು ನಿಲ್ಲಿಸುವ ಮಾತ್ರೆಯೂ ಇಲ್ಲ. ಒಮ್ಮೆ ಸೈಕಾಲಜಿಸ್ಟ್ ಹತ್ರ ಹೋಗಿ" ಎಂದರು.

ಕೀಂ ಎನ್ನುವುದು ಕಿವಿ, ತೋರಿಸಬೇಕಾದದ್ದು ಮನಸ್ಸನ್ನೇ? ತಲೆ ಸರಿಯಿಲ್ಲ ಎಂದು ನಯವಾಗಿ ಹೇಳಿದರೋ? ಎರಡು ವಾರ ಮುನಿಸಿಕೊಂಡು ಕೂತೆ. ಕಿವಿಗೆ ಅದರ ಪರಿವೆಯೇ ಇರಲಿಲ್ಲ.

ಕೊನೆಗೆ ಹೋದೆ. ಸೈಕಾಲಜಿಸ್ಟ್ ನನ್ನ ಮಗಳ ವಯಸ್ಸಿನವಳು.

"ಸದ್ದು ಜೋರಾದಾಗ ಎಂತ ಅನಿಸ್ತದೆ ಸರ್?"

"ಪೂರ್ತಿ ಕಿವುಡನಾಗ್ತೇನೆ ಅಂತ."

"ಡಾಕ್ಟ್ರು ಹಾಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ಯಾರು ಹೇಳಿದ್ದು?"

ಇನ್ಯಾರು? ನಾನೇ!

"ಸದ್ದನ್ನು ನಿಲ್ಲಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ಅದಕ್ಕೆ ಹೆದರುವುದನ್ನು ನಾವು ಕಡಿಮೆ ಮಾಡ್ಬಹುದು" ಎಂದಳು. ಆಮೇಲೆ ಕೇಳಿದಳು, "ಇದರಿಂದಾಗಿ ಏನೆಲ್ಲ ಬಿಟ್ಟಿದ್ದೀರಿ?"

ಬಿಟ್ಟದ್ದನ್ನು ಹೇಳಿದೆ. ಬಸ್ಸುಗಳ ಗದ್ದಲದ ಹಂಪನಕಟ್ಟೆಯಲ್ಲಿ ಗೆಳೆಯ ಹಸನಬ್ಬನ ಚಪ್ಪಲಿ ಅಂಗಡಿಯಿದೆ. ಇಪ್ಪತ್ತು ವರ್ಷ ನನ್ನ ಸಂಜೆಯ ಚಹಾ ಅಲ್ಲೇ. ಬಸ್ಸುಗಳ ಹಾರ್ನಿಗೆ ಕಿವಿ ಇನ್ನಷ್ಟು ಕೆಟ್ಟೀತೆಂದು ನಾಲ್ಕು ತಿಂಗಳಿಂದ ಅತ್ತ ಸುಳಿದಿರಲಿಲ್ಲ. ಅವನ ಫೋನನ್ನೂ ಎತ್ತಿರಲಿಲ್ಲ.

ಹೋಂವರ್ಕ್ ಸಿಕ್ಕಿತು: ಹತ್ತೇ ನಿಮಿಷ ಅಲ್ಲಿ ಕೂತು ಬರಬೇಕು.

ಹೋದೆ. ಹಸನಬ್ಬ ಮುಖ ಊದಿಸಿಕೊಂಡಿದ್ದ. "ಎಂತ ಮಾರಾಯ, ನಾನೆಂತ ತಪ್ಪು ಮಾಡಿದ್ದು ಅಂತ ಯೋಚ್ನೆ ಮಾಡಿ ಮಾಡಿ ಸಾಕಾಯ್ತು."

ಎಲ್ಲ ಹೇಳಿದೆ. ಅವನು ಚಹಾದ ಗ್ಲಾಸು ಕೆಳಗಿಟ್ಟ.

"ನನಗೂ ಉಂಟು. ಎಡಗಿವಿ. ಎಂಟು ವರ್ಷ ಆಯ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳ್ಲಿಕ್ಕೆ ನಿನ್ನ ಮಾತು ನಿಂತ್ರೆ ಅಲ್ವಾ?"

ಹತ್ತು ನಿಮಿಷಕ್ಕೆಂದು ಹೋದವನು ಒಂದು ಗಂಟೆ ಕೂತೆ. ವಾರಗಳು ಕಳೆದಿವೆ. ಕೀಂ ಈಗಲೂ ಇದೆ. ಆದರೆ ಎಷ್ಟೋ ಹೊತ್ತು ಅದರ ನೆನಪೇ ಆಗುವುದಿಲ್ಲ. ಹಸನಬ್ಬನೂ ಈಗ ಆ ಸೈಕಾಲಜಿಸ್ಟ್ ಹುಡುಗಿಯ ಬಳಿ ಹೋಗುತ್ತಿದ್ದಾನೆ.

ಕಿವಿಗೇನೋ ಥೆರಪಿ ಸಿಕ್ಕಿತು, ನನ್ನ ಬಾಯಿಯನ್ನು ಯಾರಿಗೆ ತೋರಿಸಲಿ?